ಅಂಗಡಿಯ ಕಾರ್ಡ್ ಓದಲು ಕಲಿಯಿರಿ: ಹೊತ್ತು ತಿರುಗಲು ಹಗುರವಾದ, ಕೈಗೆಟುಕುವ ಲ್ಯಾಪ್‌ಟಾಪ್ ಆರಿಸುವ ಬಗೆ

ಮಂಗಳೂರಿನದ್ದೋ ಮಣಿಪಾಲದ್ದೋ ಯಾವುದಾದರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೆ ಪ್ರತಿ ಲ್ಯಾಪ್‌ಟಾಪ್ ಮುಂದೆ ಒಂದು ಚಿಕ್ಕ ಕಾರ್ಡ್ ನಿಲ್ಲಿಸಿರುತ್ತಾರೆ. ಅದರಲ್ಲಿ ಹೆಚ್ಚುಕಡಿಮೆ ಹೀಗೆ ಬರೆದಿರುತ್ತದೆ: "ರೈಜನ್ 5 7520ಯು / 8 ಜಿಬಿ ಎಲ್‌ಪಿಡಿಡಿಆರ್5 / 512 ಜಿಬಿ ಎಸ್‌ಎಸ್‌ಡಿ / 14 ಎಫ್‌ಎಚ್‌ಡಿ / ವಿಂಡೋಸ್ 11 / 1.4 ಕೆಜಿ". ಕೆಳಗೆ ಬೆಲೆ. ಪಕ್ಕದ ಲ್ಯಾಪ್‌ಟಾಪಿನ ಕಾರ್ಡಿನಲ್ಲೂ ಇಂಥದ್ದೇ ಸಾಲು. ಒಂದೆರಡು ಅಂಕಿ ಬೇರೆ, ಬೆಲೆಯಲ್ಲಿ ಐದಾರು ಸಾವಿರ ವ್ಯತ್ಯಾಸ. ಆ ವ್ಯತ್ಯಾಸ ಯಾಕೆ ಅಂತ ಕೇಳಿದರೆ "ಎಲ್ಲದಕ್ಕೂ ಆಗ್ತದೆ ಸರ್" ಅನ್ನುವ ಉತ್ತರ ಸಿಗುವುದೇ ಜಾಸ್ತಿ. ಆ ಸಾಲನ್ನು ನೀವೇ ಓದುವಂತಾಗಬೇಕು. ಈ ಬರಹ ಅದಕ್ಕಾಗಿ.

ಈಗಲೇ ಯಾಕೆ ಇದು ಮುಖ್ಯ ಆಯಿತು?

ಎರಡು ಕಾರಣ. ಮೊದಲನೆಯದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಬೇಕಾದವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಸಿಗುವ ವ್ಯವಸ್ಥೆ ಮಾಡಿತು, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಇಂಟೆಲ್‌ನ 7ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯ ಪ್ರೊಸೆಸರ್ (ಎಲ್ಲ ಕೆಲಸ ನಡೆಸುವ ಮುಖ್ಯ ಚಿಪ್) ಇರುವ ಬಹುತೇಕ ಲ್ಯಾಪ್‌ಟಾಪ್‌ಗಳನ್ನು ಅದು ಒಪ್ಪುವುದಿಲ್ಲ. ಹಾಗಾಗಿ ಆರಾಮವಾಗಿ ನಡೆಯುತ್ತಿದ್ದ ಹಳೆ ಲ್ಯಾಪ್‌ಟಾಪನ್ನೂ ಬದಲಾಯಿಸುವ ಯೋಚನೆ ಎಷ್ಟೋ ಮನೆಗಳಲ್ಲಿ ಬಂದಿದೆ.

ಎರಡನೆಯದು ಬೆಲೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಎಐ ಸೇವೆ ನಡೆಸುವ ದೊಡ್ಡ ಡೇಟಾ ಸೆಂಟರ್‌ಗಳು ಭಾರಿ ಪ್ರಮಾಣದಲ್ಲಿ ಚಿಪ್ ಕೊಳ್ಳತೊಡಗಿದ್ದೇ ಇದಕ್ಕೆ ಮುಖ್ಯ ಕಾರಣ. ಲ್ಯಾಪ್‌ಟಾಪಿನ ರ‍್ಯಾಮ್, ಎಸ್‌ಎಸ್‌ಡಿ (ಇವೇನು ಅಂತ ಮುಂದೆ ಹೇಳುತ್ತೇನೆ) ಎರಡೂ ಇಂಥ ಚಿಪ್‌ಗಳಿಂದಲೇ ಆಗಿರುವುದು. ಮೊದಲಿನ ದುಡ್ಡಿಗೆ ಈಗ ಮೊದಲಿನಷ್ಟು ಸಿಗುವುದಿಲ್ಲ. ಹೀಗಿರುವಾಗ ಬೇಡದ್ದಕ್ಕೆ ಖರ್ಚು ಮಾಡಿದರೆ ಬೇಕಾದ್ದಕ್ಕೆ ದುಡ್ಡು ಉಳಿಯುವುದಿಲ್ಲ.

ಆಮೇಲೆ ಬದಲಾಯಿಸಲು ಆಗದ್ದು ಯಾವುದು?

ಲ್ಯಾಪ್‌ಟಾಪ್ ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು ಅಂತ ನನ್ನ ಅಭಿಪ್ರಾಯ. ಎಸ್‌ಎಸ್‌ಡಿ ಸಾಲದಿದ್ದರೆ ಎರಡು ವರ್ಷ ಬಿಟ್ಟು ದೊಡ್ಡದು ಹಾಕಿಸಬಹುದು. ಬ್ಯಾಟರಿ ಸೋತರೆ ಹೊಸದು ಹಾಕಿಸಬಹುದು. ಮೌಸ್, ಬ್ಯಾಗ್, ಪೆನ್‌ಡ್ರೈವ್ ಯಾವಾಗ ಬೇಕಾದರೂ ತರಬಹುದು. ಆದರೆ ತೂಕ ಬದಲಾಗುವುದಿಲ್ಲ. ಸ್ಕ್ರೀನ್ ಮಂಕಾಗಿದ್ದರೆ ಅದು ಹೋಗುವವರೆಗೂ ಮಂಕೇ. ಪ್ರೊಸೆಸರ್ ಬದಲಾಗುವುದಿಲ್ಲ. ಚಾರ್ಜಿಂಗ್ ಪೋರ್ಟ್ ಬದಲಾಗುವುದಿಲ್ಲ. ಕೀಬೋರ್ಡ್ ಹಿಡಿಸದಿದ್ದರೆ ಹೊಸ ಕೀಬೋರ್ಡ್ ಹಾಕಿಸಿದರೂ ಅದೇ ಮಾದರಿಯದ್ದೇ ಬರುತ್ತದೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಕೂಡ ಈ ಪಟ್ಟಿಗೆ ಸೇರುತ್ತದೆ.

ಬಜೆಟ್ ಸೀಮಿತವಾಗಿದ್ದರೆ ಮೊದಲ ದುಡ್ಡು ಇವುಗಳಿಗೆ ಹೋಗಲಿ. ಅಂಗಡಿಯ ಕಾರ್ಡ್ ಮಾತ್ರ ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಬದಲಾಯಿಸಬಹುದಾದ 512 ಜಿಬಿ ದಪ್ಪ ಅಕ್ಷರದಲ್ಲಿ, ಬದಲಾಯಿಸಲಾಗದ ಸ್ಕ್ರೀನಿನ ಬೆಳಕು ಎಲ್ಲೂ ಇಲ್ಲ.

ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ: ಯಾರು ಏನು ಮಾಡುತ್ತಾರೆ?

ಮೀನು ಮಾರ್ಕೆಟಿನಲ್ಲಿ ಮೀನು ಕೊಯ್ದು ಕೊಡುವವರನ್ನು ನೋಡಿರುತ್ತೀರಿ. ಅವರ ಹಿಂದೆ ಐಸ್ ಪೆಟ್ಟಿಗೆ, ಮುಂದೆ ಮರದ ಹಲಗೆ, ಕೈಯಲ್ಲಿ ಕತ್ತಿ. ಐಸ್ ಪೆಟ್ಟಿಗೆ ಅಂದರೆ ಎಸ್‌ಎಸ್‌ಡಿ. ನಿಮ್ಮ ಫೋಟೊ, ಫೈಲ್, ವಿಂಡೋಸ್ ಎಲ್ಲ ಅಲ್ಲಿರುತ್ತದೆ. ಲ್ಯಾಪ್‌ಟಾಪ್ ಆಫ್ ಆದರೂ ಉಳಿಯುತ್ತದೆ. ಹಲಗೆ ಅಂದರೆ ರ‍್ಯಾಮ್. ಈ ಕ್ಷಣ ತೆರೆದಿರುವ ಕೆಲಸ ಮಾತ್ರ ಅಲ್ಲಿ. ಕತ್ತಿ ಹಿಡಿದ ಕೈ ಅಂದರೆ ಪ್ರೊಸೆಸರ್. ಈಗ ಹಲಗೆ ಸಣ್ಣದು ಅಂತ ಇಟ್ಟುಕೊಳ್ಳಿ. ಒಂದು ಅಂಜಲ್ ಇಟ್ಟರೆ ತುಂಬಿಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಬಂಗುಡೆ ಕೊಟ್ಟರೆ ಅರ್ಧ ಕೊಯ್ದ ಅಂಜಲನ್ನು ಪೆಟ್ಟಿಗೆಗೆ ಹಾಕಿ ಬಂಗುಡೆ ಇಡಬೇಕು. ಮತ್ತೆ ಅದನ್ನು ತೆಗೆದು ಅಂಜಲ್. ಕೈ ಎಷ್ಟೇ ಚುರುಕಾಗಿದ್ದರೂ ಅರ್ಧ ಹೊತ್ತು ತೆಗೆದಿಡುವುದರಲ್ಲೇ ಹೋಗುತ್ತದೆ.

8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಒಂದು ವರ್ಷದಲ್ಲಿ "ಸ್ಲೋ ಆಯ್ತು" ಅನ್ನಿಸುವುದಕ್ಕೆ ಬಹಳ ಸಲ ಇದೇ ಕಾರಣ. ವಿಂಡೋಸ್ 11 ಸುಮ್ನೆ ಆನ್ ಆಗಿ ಕೂತರೇ ಅದರಲ್ಲಿ ಹತ್ತಿರಹತ್ತಿರ ಅರ್ಧ ತಿನ್ನುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇರುವುದಿಲ್ಲ, ಅದೂ ಇದರಲ್ಲೇ ಪಾಲು ಕೇಳುತ್ತದೆ. ಉಳಿದದ್ದರಲ್ಲಿ ಹತ್ತು ಬ್ರೌಸರ್ ಟ್ಯಾಬ್, ವಾಟ್ಸಾಪ್, ಒಂದು ವಿಡಿಯೊ ಕರೆ. ಅಲ್ಲಿಗೆ ಹಲಗೆ ತುಂಬಿತು. ಆದ್ದರಿಂದ ನಾಲ್ಕೈದು ವರ್ಷ ಬಾಳಬೇಕು ಅಂತಿದ್ದರೆ 16 ಜಿಬಿ ನೋಡಿ. ಅಷ್ಟು ದುಡ್ಡು ಈಗ ಇಲ್ಲ ಅಂದರೆ 8 ಜಿಬಿ ತೆಗೆದುಕೊಳ್ಳಿ, ಆದರೆ ಆಮೇಲೆ ಸೇರಿಸಲು ಒಂದು ಖಾಲಿ ಸ್ಲಾಟ್ ಇರುವಂಥದ್ದನ್ನೇ ಆರಿಸಿ.

ಸ್ಲಾಟ್ ಇದೆಯೋ ಇಲ್ಲವೋ ತಿಳಿಯಲು ಒಂದು ಸುಳಿವು ಕಾರ್ಡಿನಲ್ಲೇ ಉಂಟು. "ಡಿಡಿಆರ್4" ಅಥವಾ "ಡಿಡಿಆರ್5" ಅಂತ ಮಾತ್ರ ಇದ್ದರೆ ಸ್ಲಾಟ್ ಇರುವ ಸಾಧ್ಯತೆ ಇದೆ, ಕೇಳಿ ಖಚಿತ ಮಾಡಿಕೊಳ್ಳಿ. ಮುಂದೆ "ಎಲ್‌ಪಿ" ಸೇರಿ "ಎಲ್‌ಪಿಡಿಡಿಆರ್" ಅಂತಿದ್ದರೆ ಆ ಮೆಮೊರಿಯನ್ನು ಮದರ್‌ಬೋರ್ಡಿಗೇ (ಒಳಗಿನ ಮುಖ್ಯ ಬೋರ್ಡ್) ಬೆಸುಗೆ ಹಾಕಿರುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಎಲ್‌ಪಿ ಮೆಮೊರಿ ಕಡಿಮೆ ಕರೆಂಟ್ ತಿನ್ನುತ್ತದೆ, ಲ್ಯಾಪ್‌ಟಾಪ್ ತೆಳ್ಳಗಾಗುತ್ತದೆ. ಆದರೆ ಕೊಳ್ಳುವ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ.

ಎಸ್‌ಎಸ್‌ಡಿ ವಿಷಯ ಸುಲಭ. ಹೆಚ್ಚಿನವರಿಗೆ 512 ಜಿಬಿ ಧಾರಾಳ, 256 ಇದ್ದರೂ ನಡೆಯುತ್ತದೆ. ವಿಂಡೋಸ್ ಒಳಗೆ ನೋಡಿದಾಗ 512ರ ಬದಲು ಸುಮಾರು 476 ತೋರಿಸಿದರೆ ಗಾಬರಿ ಬೇಡ. ತಯಾರಕರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1,024ರ ಲೆಕ್ಕದಲ್ಲಿ. "ಇಎಂಎಂಸಿ" ಅಂತ ಕಂಡರೆ ಮಾತ್ರ ದೂರ ಇರಿ. ಅದು ತೀರಾ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ 64 ಅಥವಾ 128 ಜಿಬಿಯಾಗಿ ಬರುತ್ತದೆ. ನಿಧಾನ, ಜೊತೆಗೆ ಬೋರ್ಡಿಗೇ ಬೆಸೆದಿರುತ್ತದೆ. 64 ಜಿಬಿ ಇದ್ದರೆ ವಿಂಡೋಸ್ ಅಪ್‌ಡೇಟ್‌ಗಳಿಗೇ ಜಾಗ ಸಾಲದೆ ಒದ್ದಾಡಬೇಕಾಗುತ್ತದೆ.

ಪ್ರೊಸೆಸರ್ ಹೆಸರಿನ ಒಳಗೆ ಏನಿದೆ?

ಹೆಚ್ಚು ಜನ ಎಡವುವುದು ಇಲ್ಲಿ. "ಐ3, ಐ5, ಐ7" ಅಥವಾ "ರೈಜನ್ 3, 5, 7" ನೋಡಿ, ಅಂಕಿ ದೊಡ್ಡದಾದರೆ ಒಳ್ಳೆಯದು ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ ನಿಜ. ಹಿಂದೆ ಬರುವ ನಾಲ್ಕು ಅಂಕಿ ಮತ್ತು ಕೊನೆಯ ಅಕ್ಷರವನ್ನೂ ಓದಬೇಕು.

ಕಾರ್ಡಿನಲ್ಲಿದ್ದ ರೈಜನ್ 5 7520ಯು ತೆಗೆದುಕೊಳ್ಳಿ. 7000 ಸರಣಿಯಲ್ಲಿ ಎಎಂಡಿ ಕಂಪನಿ ಮೂರನೆಯ ಅಂಕಿಯಲ್ಲಿ ಒಳಗಿನ ವಿನ್ಯಾಸದ ತಲೆಮಾರನ್ನು ಸೂಚಿಸುತ್ತದೆ. 7520ರಲ್ಲಿ ಅದು 2, ಅಂದರೆ ಝೆನ್ 2. ಈ ವಿನ್ಯಾಸ ಮೊದಲು ಬಂದದ್ದು 2019ರಲ್ಲಿ. 7530ಯುನಲ್ಲಿ ಅದು 3, ಅಂದರೆ ಝೆನ್ 3. ಮೊದಲನೆಯದರಲ್ಲಿ 4 ಕೋರ್, ಎರಡನೆಯದರಲ್ಲಿ 6 ಕೋರ್. ಕೋರ್ ಅಂದರೆ ಒಂದೇ ಹೊತ್ತಿಗೆ ಕೆಲಸ ಮಾಡಬಲ್ಲ ಘಟಕ. ಎರಡೂ "ರೈಜನ್ 5", ಎರಡೂ "7000 ಸರಣಿ", ಹೆಸರಿನಲ್ಲಿ ಒಂದೇ ಅಂಕಿ ವ್ಯತ್ಯಾಸ. ಸಾಮರ್ಥ್ಯದಲ್ಲಿ ಮಾತ್ರ ಒಳ್ಳೆಯ ಅಂತರ. ಇನ್ನೊಂದು ಸಂಗತಿ: 7520ಯು ಎಲ್‌ಪಿಡಿಡಿಆರ್5 ಮೆಮೊರಿಯ ಜೊತೆ ಮಾತ್ರ ಕೆಲಸ ಮಾಡುತ್ತದೆ. ಅಂದರೆ ಆ ಪ್ರೊಸೆಸರ್ ಕಂಡ ಕೂಡಲೇ, ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ ಅಂತ ತಿಳಿದುಕೊಳ್ಳಬಹುದು.

ಹಾಗಂತ 7520ಯು ಕೆಟ್ಟದ್ದಲ್ಲ. ಟೈಪಿಂಗ್, ಇಮೇಲ್, ಆನ್‌ಲೈನ್ ಕ್ಲಾಸ್, ಯೂಟ್ಯೂಬ್ ಇದಿಷ್ಟೇ ಕೆಲಸ ಇದ್ದು, 16 ಜಿಬಿ ರ‍್ಯಾಮ್ ಜೊತೆ ಕಡಿಮೆ ಬೆಲೆಗೆ ಸಿಕ್ಕರೆ ಅದು ಸಾಕು. 7530ಯು ಕೊಡುವಷ್ಟೇ ದುಡ್ಡು ಕೊಟ್ಟು ಅದನ್ನು ತರಬಾರದು, ಅಷ್ಟೆ.

ಇಂಟೆಲ್ ಕಡೆ ಓದುವುದು ತುಸು ಬೇರೆ. "ಐ3-1215ಯು" ಇದ್ದರೆ ಮೊದಲ ಎರಡು ಅಂಕಿ ತಲೆಮಾರು: 12ನೆಯದು. ಅದು 2022ರದ್ದು, ಆದರೂ 6 ಕೋರ್ ಇರುವ ಗಟ್ಟಿ ಕುಳ. ದಿನನಿತ್ಯದ ಕೆಲಸಕ್ಕೆ ಇವತ್ತಿಗೂ ಒಳ್ಳೆಯ ಆಯ್ಕೆ. ಈಚೆಗೆ ಇಂಟೆಲ್ "ಐ" ಅಕ್ಷರ ಬಿಟ್ಟು "ಕೋರ್ 3", "ಕೋರ್ 5", "ಕೋರ್ ಅಲ್ಟ್ರಾ 5" ಅಂತ ಹೆಸರಿಡತೊಡಗಿದೆ. ಗಮನ ಇಡಬೇಕಾದ್ದು "ಎನ್" ಅಕ್ಷರದ ಮೇಲೆ. ಎನ್100, ಎನ್200 ಇವು ತೀರಾ ಕಡಿಮೆ ಕರೆಂಟಿನಲ್ಲಿ ನಡೆಯುವ ಸಣ್ಣ ಪ್ರೊಸೆಸರ್‌ಗಳು. ಅಂಗಡಿಯ ಬಿಲ್ಲಿಂಗ್, ಮಕ್ಕಳ ಓದು, ಪಿಡಿಎಫ್ ನೋಡುವುದಕ್ಕೆ ಸಾಕು. "ಐ3-ಎನ್305" ಕೂಡ ಇದೇ ಕುಟುಂಬದ್ದು. ಮುಂದೆ ಐ3 ಅಂತ ಇರುವುದರಿಂದ 1215ಯು ಜೊತೆ ಸಮ ಅಂದುಕೊಳ್ಳಬೇಡಿ.

ಕೊನೆಯ ಅಕ್ಷರ: "ಯು" ಇದ್ದರೆ ಕಡಿಮೆ ಕರೆಂಟ್ ತಿನ್ನುವಂಥದ್ದು, "ಎಚ್" ಇದ್ದರೆ ಹೆಚ್ಚು ಶಕ್ತಿ, ಹೆಚ್ಚು ಬಿಸಿ, ಬ್ಯಾಟರಿ ಬೇಗ ಖಾಲಿ. ಹೊತ್ತು ತಿರುಗುವವರಿಗೆ ಯು ಸರಿ. ವಿಡಿಯೊ ಎಡಿಟಿಂಗ್ ಅಥವಾ ಆಟೋಕ್ಯಾಡ್ ದಿನಾ ಮಾಡುವವರು ಎಚ್ ನೋಡಲಿ, ಆದರೆ ಆಗ ತೂಕ ಮತ್ತು ಬೆಲೆ ಎರಡೂ ಏರುತ್ತವೆ.

"ಎಐ ಪಿಸಿ" ಅನ್ನುವ ಸ್ಟಿಕ್ಕರ್ ಬಗ್ಗೆಯೂ ಕೇಳುತ್ತಾರೆ. ಎಐ ಕೆಲಸಕ್ಕೆಂದೇ ಎನ್‌ಪಿಯು ಅನ್ನುವ ಭಾಗ ಅದರಲ್ಲಿ ಇರುತ್ತದೆ. ಚಾಟ್‌ಜಿಪಿಟಿ, ಜೆಮಿನಿ ಮುಂತಾದವು ಇಂಟರ್‌ನೆಟ್ ಮೂಲಕ ದೂರದ ಸರ್ವರ್‌ನಲ್ಲಿ ನಡೆಯುವುದರಿಂದ ಅವುಗಳಿಗೆ ಇದು ಬೇಕಿಲ್ಲ. ಬಜೆಟ್ ಬಿಗಿ ಇದ್ದರೆ ಈ ಸ್ಟಿಕ್ಕರ್‌ಗೆ ದುಡ್ಡು ಕೊಡುವ ಬದಲು ರ‍್ಯಾಮ್‌ಗೆ ಕೊಡಿ.

ಸ್ಕ್ರೀನ್: ಕಾರ್ಡಿನಲ್ಲಿ ಬರೆಯದ ವಿಷಯ

"14 ಎಫ್‌ಎಚ್‌ಡಿ" ಅಂದರೆ 14 ಇಂಚು, 1920 ಗುಣಿಸು 1080 ಚುಕ್ಕೆಗಳು. ಇದಕ್ಕಿಂತ ಕಡಿಮೆ, ಅಂದರೆ ಬರೀ "ಎಚ್‌ಡಿ" ಇದ್ದರೆ ಬೇಡ, ಅಕ್ಷರಗಳು ಒರಟಾಗಿ ಕಾಣುತ್ತವೆ. ಕನ್ನಡದ ಒತ್ತಕ್ಷರಗಳನ್ನು ದಿನವಿಡೀ ಓದುವವರಿಗೆ ಇದು ಕಣ್ಣಿಗೇ ಭಾರ. 1920 ಗುಣಿಸು 1200 ಸಿಕ್ಕರೆ ಇನ್ನೂ ಒಳ್ಳೆಯದು. ಉದ್ದ ಸ್ವಲ್ಪ ಜಾಸ್ತಿ ಇರುವುದರಿಂದ ಪುಟದಲ್ಲಿ ಎರಡು ಮೂರು ಸಾಲು ಹೆಚ್ಚು ಕಾಣುತ್ತದೆ.

ಬರೆಯದೇ ಬಿಡುವುದು ಎರಡು ಸಂಗತಿ. ಒಂದು ಪ್ಯಾನೆಲ್ ಯಾವುದು ಅನ್ನುವುದು. ಐಪಿಎಸ್ ಪ್ಯಾನೆಲ್ ಯಾವ ಕಡೆಯಿಂದ ನೋಡಿದರೂ ಬಣ್ಣ ಹಾಗೇ ಇರುತ್ತದೆ. ಟಿಎನ್ ಪ್ಯಾನೆಲ್ ಸ್ವಲ್ಪ ಓರೆಯಾದರೂ ಬಣ್ಣ ಕೆಡುತ್ತದೆ. ಅಂಗಡಿಯಲ್ಲೇ ನೋಡಬಹುದು: ಯಾವುದಾದರೂ ಒಬ್ಬರ ಮುಖ ಇರುವ ಫೋಟೊ ತೆರೆದು ಸ್ಕ್ರೀನನ್ನು ಮುಂದಕ್ಕೂ ಹಿಂದಕ್ಕೂ ಬಾಗಿಸಿ. ಮುಖ ಕಪ್ಪಾಗಿ, ಬಣ್ಣ ತಿರುಗಿ ನೆಗೆಟಿವ್ ಥರ ಕಂಡರೆ ಅದು ಟಿಎನ್. ಬಸ್ಸಿನಲ್ಲಿ ಮುಂದಿನ ಸೀಟಿನವರು ಹಿಂದಕ್ಕೆ ಒರಗಿದಾಗ ನಿಮಗೆ ಸ್ಕ್ರೀನನ್ನು ನೇರ ಇಡಲು ಜಾಗವೇ ಇರುವುದಿಲ್ಲ. ಆಗ ಟಿಎನ್ ಪ್ಯಾನೆಲ್ ಇದ್ದರೆ ಓದಲಿಕ್ಕೇ ಆಗುವುದಿಲ್ಲ.

ಇನ್ನೊಂದು ಬೆಳಕು. ಅದನ್ನು "ನಿಟ್ಸ್" ಅನ್ನುವ ಮಾನದಲ್ಲಿ ಹೇಳುತ್ತಾರೆ. ಕಡಿಮೆ ಬೆಲೆಯ ಬಹುತೇಕ ಲ್ಯಾಪ್‌ಟಾಪ್‌ಗಳು 250 ನಿಟ್ಸ್. ಕೋಣೆಯೊಳಗೆ ಸಾಕು. ರೈಲಿನ ಕಿಟಕಿ ಪಕ್ಕ, ಮನೆಯ ಜಗಲಿಯಲ್ಲಿ, ಕಾಲೇಜಿನ ಹೊರಗಿನ ಕಟ್ಟೆಯಲ್ಲಿ ಕೂತು ಕೆಲಸ ಮಾಡುವವರಿಗೆ 300 ಆದರೂ ಬೇಕು, 400 ಇದ್ದರೆ ನೆಮ್ಮದಿ. ಸ್ಕ್ರೀನ್ ಹೊಳೆಯುವ ಗಾಜಿನಂತೆ ಇರದೆ ಮ್ಯಾಟ್ ಆಗಿದ್ದರೆ ಹೊರಗಿನ ಪ್ರತಿಬಿಂಬದ ಕಾಟ ಕಡಿಮೆ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಾದರೆ ಬಾಗಿಲ ಹತ್ತಿರ ತಂದು ನೋಡಿ.

ತೂಕ, ಬ್ಯಾಟರಿ, ಚಾರ್ಜರ್: ಪ್ರಯಾಣದ ನಿಜ ಲೆಕ್ಕ

ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಗೊತ್ತು, ಸುಮಾರು 60 ಕಿಲೋಮೀಟರ್ ಹಾದಿಯಲ್ಲಿ ಎಷ್ಟೋ ದಿನ ನಿಂತೇ ಬರಬೇಕು. ಬ್ಯಾಗ್ ಹೆಗಲಲ್ಲೇ ಇರುತ್ತದೆ. 15.6 ಇಂಚಿನ ಸಾಮಾನ್ಯ ಲ್ಯಾಪ್‌ಟಾಪ್ 1.6ರಿಂದ 1.8 ಕೆಜಿ ತೂಗುತ್ತದೆ. 14 ಇಂಚಿನದು 1.3ರಿಂದ 1.5. ಇದಕ್ಕೆ ಚಾರ್ಜರ್ ಸೇರಿಸಿ: ಇನ್ನೊಂದು 200ರಿಂದ 400 ಗ್ರಾಂ. ಕಾರ್ಡಿನಲ್ಲಿ ಬರೆದ ತೂಕದಲ್ಲಿ ಚಾರ್ಜರ್ ಇರುವುದಿಲ್ಲ. ನೀರಿನ ಬಾಟಲಿ, ಬುತ್ತಿ, ಕೊಡೆ ಎಲ್ಲ ಸೇರಿದ ಮೇಲೆ ಆ ಅರ್ಧ ಕೆಜಿ ಏನು ಅಂತ ಹೆಗಲು ಹೇಳುತ್ತದೆ. ದಿನಾ ಹೊತ್ತೊಯ್ಯುವವರಿಗೆ 14 ಇಂಚೇ ಹದವಾದ ಅಳತೆ. 13 ಇಂಚಿನವು ಇನ್ನೂ ಹಗುರ, ಆದರೆ ಕಡಿಮೆ ಬೆಲೆಯಲ್ಲಿ ಹೊಸದು ಸಿಗುವುದು ಅಪರೂಪ.

ಬ್ಯಾಟರಿ ಬಗ್ಗೆ ಜಾಹೀರಾತಿನಲ್ಲಿ "10 ಗಂಟೆ" ಅಂತ ಇದ್ದರೆ ಅದು ಬೆಳಕು ತಗ್ಗಿಸಿ, ವಿಡಿಯೊ ಒಂದನ್ನೇ ಓಡಿಸಿ ಅಳೆದದ್ದಾಗಿರುತ್ತದೆ. ಗಂಟೆ ಬಿಟ್ಟು "ವ್ಯಾಟ್-ಅವರ್" ಅಂಕಿ ಹುಡುಕಿ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವುದರ ಅಳತೆ ಅದು. ಕಡಿಮೆ ಬೆಲೆಯವುಗಳಲ್ಲಿ 42 ಆಸುಪಾಸು, ಸ್ವಲ್ಪ ಒಳ್ಳೆಯದರಲ್ಲಿ 50ರಿಂದ 60. ಟೈಪಿಂಗ್, ಬ್ರೌಸಿಂಗ್ ಥರದ ಹಗುರ ಕೆಲಸಕ್ಕೆ ಲ್ಯಾಪ್‌ಟಾಪ್ ಗಂಟೆಗೆ 7 ವ್ಯಾಟ್-ಅವರ್ ತಿಂದರೆ 42ರ ಬ್ಯಾಟರಿ 6 ಗಂಟೆ ಬರುತ್ತದೆ. ವಿಡಿಯೊ ಕರೆಯಲ್ಲಿ ಅದೇ ಖರ್ಚು ಇಮ್ಮಡಿಯಾದರೆ 3 ಗಂಟೆ. 56ರ ಬ್ಯಾಟರಿ ಇದ್ದರೆ 8 ಮತ್ತು 4. ಮಳೆಗಾಲದಲ್ಲಿ ಕರೆಂಟ್ ಹೋಗಿ ಆನ್‌ಲೈನ್ ಮೀಟಿಂಗ್ ಮಧ್ಯೆ ಕೂತವರಿಗೆ ಈ ಒಂದು ಗಂಟೆ ಸಣ್ಣದಲ್ಲ. ವೈಫೈ ರೌಟರ್ ಕೂಡ ಆರುತ್ತದೆ ಅನ್ನುವುದು ನೆನಪಿರಲಿ. ಫೋನಿನ ಹಾಟ್‌ಸ್ಪಾಟ್ ಅಥವಾ ರೌಟರಿಗೆ ಒಂದು ಪುಟ್ಟ ಯುಪಿಎಸ್ ಇಲ್ಲದಿದ್ದರೆ ಬ್ಯಾಟರಿ ಇದ್ದೂ ಉಪಯೋಗ ಇಲ್ಲ.

ಚಾರ್ಜಿಂಗ್ ಪೋರ್ಟ್ ಟೈಪ್-ಸಿ ಆಗಿರಲಿ. ಇದಕ್ಕೆ ನಾನು ತುಂಬ ಒತ್ತು ಕೊಡುತ್ತೇನೆ. ಹಳೆ ಮಾದರಿಯ ದುಂಡು ಪಿನ್ ಚಾರ್ಜರ್ ಊರಲ್ಲಿ ಮರೆತು ಬಂದರೆ ಅದೇ ಕಂಪನಿಯದ್ದೇ ಹುಡುಕಬೇಕು. ಟೈಪ್-ಸಿ ಆದರೆ ಗೆಳೆಯರ ಚಾರ್ಜರ್, ಆಫೀಸಿನ ಚಾರ್ಜರ್ ಯಾವುದಾದರೂ ನಡೆಯುತ್ತದೆ, ಫೋನಿಗೂ ಅದೇ ಸಾಕು. ಆದರೆ ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತದೆ ಅಂತ ಇಲ್ಲ. ಕೆಲವದರಲ್ಲಿ ಫೈಲ್ ಕಳಿಸಲು ಮಾತ್ರ ಇರುತ್ತದೆ. ವಿವರಗಳ ಪುಟದಲ್ಲಿ "ಪವರ್ ಡೆಲಿವರಿ" ಅನ್ನುವ ಮಾತು ಇರಬೇಕು. ಅದು ಒಂದು ಸಾಮಾನ್ಯ ಮಾನದಂಡ. ಚಾರ್ಜರ್ ಮತ್ತು ಲ್ಯಾಪ್‌ಟಾಪ್ ತಮ್ಮೊಳಗೆ ಎಷ್ಟು ವೋಲ್ಟೇಜ್ ಬೇಕು ಅಂತ ತೀರ್ಮಾನಿಸಿಕೊಳ್ಳುತ್ತವೆ. 14 ಇಂಚಿನ ಲ್ಯಾಪ್‌ಟಾಪಿಗೆ 45 ಅಥವಾ 65 ವ್ಯಾಟ್ ಚಾರ್ಜರ್ ಸಾಕು. ಫೋನ್ ಜೊತೆ ಬಂದ 80 ವ್ಯಾಟ್ ಚಾರ್ಜರ್ ಲ್ಯಾಪ್‌ಟಾಪಿಗೂ ಅಷ್ಟೇ ಕೊಡುತ್ತದೆ ಅಂತ ನಂಬಬೇಡಿ. ಆ ವೇಗ ಹಲವು ಸಲ ಅದೇ ಕಂಪನಿಯ ಫೋನಿಗೆ ಮಾತ್ರ.

ರೈಲಿನಲ್ಲಿ ಹೋಗುವವರಿಗೆ ಒಂದು ಮಾತು. ಮತ್ಸ್ಯಗಂಧದಲ್ಲಿ ಮುಂಬೈಗೋ, ಪಂಚಗಂಗಾದಲ್ಲಿ ಬೆಂಗಳೂರಿಗೋ ಹೊರಟರೆ ರಾತ್ರಿಯಿಡೀ ಚಾರ್ಜ್‌ಗೆ ಹಾಕಿಟ್ಟು ಮಲಗುವ ಲೆಕ್ಕ ಇಟ್ಟುಕೊಳ್ಳಬೇಡಿ. ಬೆಂಕಿಯ ಅಪಾಯ ತಪ್ಪಿಸಲು ಹಲವು ರೈಲುಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಆಫ್ ಮಾಡುತ್ತಾರೆ. ಹಳೆ ಬೋಗಿಗಳ ಪಾಯಿಂಟ್‌ನಲ್ಲಿ ಮನೆಯ ಸಾಕೆಟ್ಟಿಗಿಂತ ಕಡಿಮೆ, 110 ವೋಲ್ಟ್ ಬರುವುದೂ ಉಂಟು. ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ "ಇನ್‌ಪುಟ್ 100–240" ಅಂತ ಇದ್ದರೆ ತೊಂದರೆ ಇಲ್ಲ. ಪವರ್ ಬ್ಯಾಂಕ್ ಒಯ್ಯುವುದಾದರೆ ಪವರ್ ಡೆಲಿವರಿ ಇರುವ 20,000 ಎಂಎಎಚ್‌ನದ್ದು ನೋಡಿ. 3.7 ವೋಲ್ಟ್ ಲೆಕ್ಕದಲ್ಲಿ ಅದು 74 ವ್ಯಾಟ್-ಅವರ್. ಬಜ್ಪೆಯಿಂದ ವಿಮಾನ ಹತ್ತುವವರಿಗೂ ಇದು ಸರಿಹೊಂದುತ್ತದೆ. ವಿಮಾನ ಸಂಸ್ಥೆಯ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ.

ಕರಾವಳಿಯ ಹವೆಗೆ ಬೇಕಾದ ಎಚ್ಚರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯೇ ಒದ್ದೆ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿ, ಬೆಲ್ಟ್ ಮೇಲೆ ಬೂಷ್ಟು ಬರುವುದು ಎಲ್ಲರಿಗೂ ಗೊತ್ತು. ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ಮುಚ್ಚಿ ವಾರಗಟ್ಟಲೆ ಕಪಾಟಿನಲ್ಲಿಟ್ಟರೆ ಒಳಗಿನ ಸಣ್ಣ ಕನೆಕ್ಟರ್‌ಗಳಿಗೆ ತೇವ ಹಿಡಿಯುತ್ತದೆ. ಬಳಸದಿದ್ದರೂ ಎರಡು ದಿನಕ್ಕೊಮ್ಮೆ ಆನ್ ಮಾಡಿ ಒಂದು ಗಂಟೆ ಬಿಡಿ. ಅದರ ಬಿಸಿಯೇ ಒಳಗನ್ನು ಒಣಗಿಸುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ತಿಂಗಳಿಗೊಮ್ಮೆ ಬದಲಾಯಿಸಿ.

ರಾತ್ರಿ ಎಸಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದು ಬೆಳಿಗ್ಗೆ ಇಳಿದಾಗ ಕನ್ನಡಕದ ಮೇಲೆ ಹಬೆ ಕೂರುತ್ತದಲ್ವಾ? ರಾತ್ರಿಯಿಡೀ ತಣ್ಣಗಾಗಿದ್ದ ಲ್ಯಾಪ್‌ಟಾಪಿನ ಲೋಹದ ಮೈಮೇಲೂ, ಕೆಲವೊಮ್ಮೆ ಒಳಗೂ ಹೀಗೇ ನೀರು ಕಟ್ಟುತ್ತದೆ. ಮನೆಗೆ ಬಂದ ಕೂಡಲೇ ತೆರೆದು ಆನ್ ಮಾಡಬೇಡಿ. ಬ್ಯಾಗಿನ ಒಳಗೇ ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಅದು ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ.

ಸಿಡಿಲಿನ ಹೊತ್ತಿಗೆ ಚಾರ್ಜರ್ ಪ್ಲಗ್ ಕಿತ್ತಿಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಸಂಜೆಗಳಲ್ಲಿ ಇದು ಅಭ್ಯಾಸವೇ ಆಗಲಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್‌ನೆಟ್ ಕೇಬಲ್ ಲ್ಯಾಪ್‌ಟಾಪಿಗೆ ಹಾಕಿದ್ದರೆ ಅದನ್ನೂ ತೆಗೆಯಿರಿ, ಅದರ ಮೂಲಕವೂ ಏಟು ಬರುತ್ತದೆ. "ಮಿಲಿಟರಿ ದರ್ಜೆ" ಅನ್ನುವ ಪ್ರಚಾರ ನೋಡಿ ಮಳೆಗೆ ಒಡ್ಡಬೇಡಿ. ಆ ಹೆಸರಿನ ಪರೀಕ್ಷೆಗಳಲ್ಲಿ ಯಾವುದನ್ನು ಮಾಡಬೇಕು ಅಂತ ತಯಾರಕರೇ ಆರಿಸಿಕೊಳ್ಳುತ್ತಾರೆ, ಮಳೆಯ ಪರೀಕ್ಷೆ ಅದರಲ್ಲಿ ಇರಲೇಬೇಕೆಂದಿಲ್ಲ.

ವಿಂಡೋಸ್ ಬಿಟ್ಟು ಬೇರೆ?

ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಕ್ರೋಮ್‌ಬುಕ್ ಅಗ್ಗ. 2021ರಿಂದ ಈಚೆಗೆ ಬಂದ ಮಾದರಿಗಳಿಗೆ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ ಹೇಳಿದೆ. ಆ ಲೆಕ್ಕ ಶುರುವಾಗುವುದು ಮಾದರಿ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಎಲ್ಲ ಕೆಲಸ ಬ್ರೌಸರ್‌ನಲ್ಲೇ ಮುಗಿಯುವವರಿಗೆ ಚೆನ್ನಾಗಿದೆ. ಆದರೆ ಟ್ಯಾಲಿ, ನುಡಿ, ಬರಹ ಮುಂತಾದ ವಿಂಡೋಸ್ ತಂತ್ರಾಂಶಗಳನ್ನು ನಂಬಿದವರಿಗೆ ಆಗುವುದಿಲ್ಲ.

ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿ ವಿಷಯದಲ್ಲಿ ಬಲು ಒಳ್ಳೆಯವು. ಫೋನಿನಲ್ಲಿರುವ ಥರದ ಆರ್ಮ್ ವಿನ್ಯಾಸ ಅದು. ಸಾಮಾನ್ಯ ಪ್ರೋಗ್ರಾಂಗಳು ನಡೆಯುತ್ತವೆ. ತೊಡಕು ಬರುವುದು ಯಂತ್ರಗಳನ್ನು ಜೋಡಿಸುವಾಗ: ಹಳೆ ಪ್ರಿಂಟರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚು ಸಾಧನ ಇವುಗಳಿಗೆ ಆರ್ಮ್‌ಗೆಂದೇ ಮಾಡಿದ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಜಿಎಸ್‌ಟಿ ಅಥವಾ ಸೊಸೈಟಿ ಲೆಕ್ಕ ನೋಡುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಆಪಲ್ ಕಂಪನಿಯ ಹಳೆಯ ಎಂ1 ಮ್ಯಾಕ್‌ಬುಕ್ ಏರ್ ಕೆಲವೊಮ್ಮೆ ಇಳಿದ ಬೆಲೆಗೆ ಸಿಗುತ್ತದೆ. 1.29 ಕೆಜಿ, ಫ್ಯಾನ್ ಇಲ್ಲ, ಬ್ಯಾಟರಿ ಗಟ್ಟಿ. ಆದರೆ ಅದು 2020ರ ನವೆಂಬರ್‌ನದ್ದು, ರ‍್ಯಾಮ್, ಸ್ಟೋರೇಜ್ ಎರಡೂ ಬದಲಾಗದು.

ಬಳಸಿದ ಲ್ಯಾಪ್‌ಟಾಪ್ ತರಬಹುದೇ?

ಖಂಡಿತ ತರಬಹುದು, ನೋಡಿ ತರಬೇಕು. ದೊಡ್ಡ ಕಂಪನಿಗಳು ಸಿಬ್ಬಂದಿಗೆ ಕೊಟ್ಟು ಮೂರು ನಾಲ್ಕು ವರ್ಷದ ನಂತರ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮಾದರಿಗಳು "ರಿಫರ್ಬಿಶ್ಡ್" ಹೆಸರಿನಲ್ಲಿ ಬರುತ್ತವೆ. ಕೀಬೋರ್ಡ್ ಗಟ್ಟಿ, ಮೈ ಗಟ್ಟಿ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ವಿಂಡೋಸ್ 11 ಬೇಕಾದರೆ ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ್ದೇ ಆಗಬೇಕು. ಥಿಂಕ್‌ಪ್ಯಾಡ್ ಟಿ470 ಮತ್ತು ಟಿ480 ನೋಡಲು ಹೆಚ್ಚುಕಡಿಮೆ ಒಂದೇ ಥರ. ಟಿ470ನಲ್ಲಿ ಇರುವುದು 6 ಅಥವಾ 7ನೇ ತಲೆಮಾರು, ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಟಿ480ನಲ್ಲಿ 8ನೆಯದೇ ಅಂತ ಸ್ಟಿಕ್ಕರ್ ನೋಡಿ ಖಚಿತ ಮಾಡಿಕೊಳ್ಳಿ.

ಬ್ಯಾಟರಿ ಎಷ್ಟು ಸವೆದಿದೆ ಅಂತ ಅಲ್ಲೇ ನೋಡಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ "ಪವರ್‌ಸಿಎಫ್‌ಜಿ" ಅಂತ ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ತಾಗಿಸಿ "ಬ್ಯಾಟರಿರಿಪೋರ್ಟ್" ಅಂತ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಒಂದು ಪುಟ ತಯಾರಾಗಿ ಅದು ಎಲ್ಲಿದೆ ಅಂತಲೂ ತೋರಿಸುತ್ತದೆ. ಅದರಲ್ಲಿ "ಡಿಸೈನ್ ಕೆಪ್ಯಾಸಿಟಿ" ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದದ್ದು, "ಫುಲ್ ಚಾರ್ಜ್ ಕೆಪ್ಯಾಸಿಟಿ" ಅಂದರೆ ಈಗ ಹಿಡಿಯುವುದು. 50,000 ಇದ್ದದ್ದು 30,000 ಆಗಿದ್ದರೆ ಬ್ಯಾಟರಿಯಲ್ಲಿ ಉಳಿದದ್ದು ಶೇ. 60. ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ದುಡ್ಡು ಕೊಡುವ ಮುನ್ನ

ಕೀಬೋರ್ಡ್ ಮೇಲೆ ನಿಮ್ಮದೇ ಒಂದು ಪ್ಯಾರಾ ಟೈಪ್ ಮಾಡಿ ನೋಡಿ. ವಿಂಡೋಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್ ಕೀಬೋರ್ಡ್ ಎರಡೂ ಇವೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದರೆ ಸಾಕು. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಕಾರ್ಡಿನಲ್ಲಿ "ಡಾಸ್" ಅಂತ ಇದ್ದರೆ ವಿಂಡೋಸ್ ಇಲ್ಲ ಅಂತ ಅರ್ಥ, ಅದರ ಖರ್ಚು ಬೇರೆ.

ವಾರಂಟಿ ಒಂದು ವರ್ಷ ಅಂತ ಇದ್ದರೆ ಎರಡು ಪ್ರಶ್ನೆ ಕೇಳಿ. ಇಂಜಿನಿಯರ್ ಮನೆಗೆ ಬರುತ್ತಾರೋ, ನಾವೇ ಒಯ್ಯಬೇಕೋ? ಒಯ್ಯುವುದಾದರೆ ಸರ್ವಿಸ್ ಸೆಂಟರ್ ಮಂಗಳೂರಿನಲ್ಲೋ ಉಡುಪಿಯಲ್ಲೋ ಇದೆಯಾ, ಬೆಂಗಳೂರಿಗೆ ಕಳಿಸುತ್ತಾರಾ? ಕೊಲ್ಲೂರು, ಕಾರ್ಕಳ ಕಡೆಯವರಿಗೆ ಇದು ದಿನಗಟ್ಟಲೆ ವ್ಯತ್ಯಾಸ ಮಾಡುತ್ತದೆ. ಬಿದ್ದು ಒಡೆದರೆ, ನೀರು ಬಿದ್ದರೆ ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲ್ಯಾನ್ ಇರುತ್ತದೆ. ಬಸ್ಸು, ರೈಲಿನಲ್ಲಿ ಜಾಸ್ತಿ ತಿರುಗುವವರು ಅದರ ಬೆಲೆ ಕೇಳುವುದು ಒಳ್ಳೆಯದು.

ಲ್ಯಾಪ್‌ಟಾಪ್ ಮೇಲೆ ಶೇ. 18 ಜಿಎಸ್‌ಟಿ ಇದೆ. ವ್ಯಾಪಾರಕ್ಕೆ ಕೊಳ್ಳುವವರು, ಜಿಎಸ್‌ಟಿ ನೋಂದಣಿ ಇದ್ದರೆ, ತಮ್ಮ ಜಿಎಸ್‌ಟಿ ನಂಬರ್ ಬಿಲ್ಲಿನಲ್ಲಿ ಹಾಕಿಸಿ. ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ಬಾಕ್ಸನ್ನು ನಿಮ್ಮೆದುರೇ ತೆರೆಸಿ. ಸೀರಿಯಲ್ ನಂಬರ್ ಬಾಕ್ಸ್, ಲ್ಯಾಪ್‌ಟಾಪಿನ ಅಡಿ, ಬಿಲ್ ಮೂರರಲ್ಲೂ ಒಂದೇ ಇರಬೇಕು. ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಯಾವಾಗ ಶುರುವಾಗಿದೆ ಅಂತ ಗೊತ್ತಾಗುತ್ತದೆ. ಕೊಂಡ ದಿನಕ್ಕಿಂತ ಎಷ್ಟೋ ತಿಂಗಳು ಹಿಂದಿನ ದಿನಾಂಕ ಇದ್ದರೆ ಬಿಲ್ ತೋರಿಸಿ ಸರಿಪಡಿಸಿಕೊಡುವಂತೆ ಅಂಗಡಿಯವರನ್ನೇ ಕೇಳಿ. ಮೊದಲ ವಾರ ಎಲ್ಲ ಪೋರ್ಟ್, ಕ್ಯಾಮೆರಾ, ಮೈಕ್, ಸ್ಪೀಕರ್ ಒಂದೊಂದಾಗಿ ಬಳಸಿ ನೋಡಿ. ಬದಲಾಯಿಸಿಕೊಡುವ ಅವಧಿ ಬಹಳ ಕಡೆ ಒಂದೆರಡು ವಾರ ಮಾತ್ರ. ಅಲ್ಲಿಯವರೆಗೆ ಬಾಕ್ಸ್, ಥರ್ಮಾಕೋಲ್, ಪ್ಲಾಸ್ಟಿಕ್ ಹೊದಿಕೆ ಯಾವುದನ್ನೂ ಎಸೆಯಬೇಡಿ.